ಒಡವೆ ಮಾತ್ರ ನಿಜ

೧೮ ಜನವರಿ ೧೯೫೯, ಭಾನುವಾರ. ದಾವಣಗೆರೆ

ಸಂಕ್ರಾಂತಿಗೆ ಬಂದಿದ್ದ ನಿರ್ಮಲ ಮಧ್ಯಾಹ್ನದ ಬಸ್ಸಿಗೆ ಕೊಕ್ಕನೂರಿಗೆ ಹೊರಟಳು. ನಾನು ಎಳ್ಳುಬೆಲ್ಲದ ಡಬ್ಬಿ ಕೊಟ್ಟೆ, ಅವಳು ಅಪ್ಪಣೆ ಕೊಟ್ಟಳು.

“ಅಪ್ಪ, ಮಾರ್ಚ್ ಹದಿನಾರಕ್ಕೆ ಅವ್ವನ ವರ್ಷ. ಬೀಗರೆಲ್ಲ ಬರ್ತಾರೆ. ಅಷ್ಟೊತ್ತಿಗೆ ಅವ್ವನ ಪಟ ಗೋಡೆ ಮ್ಯಾಲೆ ಇರಬೇಕು ನೋಡು.”

“ಬರೀತೀನಿ ಬಿಡವ್ವ.”

“ಹತ್ತು ತಿಂಗಳಿಂದ ಬರೀತೀನಿ, ಬರೀತೀನಿ ಅಂತೀಯ. ಊರವರ ಅವ್ವಂದಿರನ್ನೆಲ್ಲ ಬರೆದಿ. ನಾಳೆ ಹುಟ್ಟೋ ಕೂಸಿಗೆ ಅಜ್ಜಿ ಅಂತ ಏನು ತೋರಿಸ್ಲಿ, ನಿನ್ನ ಬಣ್ಣದ ಡಬ್ಬಿನಾ?”

ಡ್ರೈವರು ಹಾರನ್ ಹೊಡೆದ. ಪುಣ್ಯಾತ್ಮ.

ಮಗಳಿಗೆ ಹೇಳಲಾರದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದವನು. ಎರಡು ವರ್ಷ ಹೈಸ್ಕೂಲಿನಲ್ಲಿ ಛಂದಸ್ಸು ಕಲಿಸಿ, ಹುಡುಗರಿಗೂ ನನಗೂ ಸರಿಸಮ ಬೇಜಾರಾದ ಮೇಲೆ ಬಿಟ್ಟು, ಪಟ ಬರೆಯಲು ಕುಂತೆ. ಊರು ಈಗಲೂ ಮೇಷ್ಟ್ರೇ ಅನ್ನುತ್ತದೆ. ಸತ್ತವರ ಕಣ್ಣು ತೆರೆಸುವುದು ನನ್ನ ಕಸುಬು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿ ಫೋಟೋ ತೆಗೆಸುತ್ತಾರೆ. ಆ ಫೋಟೋ ನನ್ನ ಹತ್ತಿರ ಬರುತ್ತದೆ. ನಾನು ಅದನ್ನು ಎಣ್ಣೆಬಣ್ಣದಲ್ಲಿ ದೊಡ್ಡದು ಮಾಡಿ, ವಾಲಿದ ಕತ್ತು ನೆಟ್ಟಗೆ ನಿಲ್ಲಿಸಿ, ಮುಚ್ಚಿದ ರೆಪ್ಪೆ ಎತ್ತಿ ಕೊಡುತ್ತೇನೆ. ಮನೆಯವರು ನೋಡಿ ಅಳುತ್ತಾರೆ. ಅತ್ತರೆ ಪಟ ಚೆನ್ನಾಗಿ ಬಂದಿದೆ ಎಂದರ್ಥ.

ಕಳೆದ ಮಾರ್ಚ್‌ನಲ್ಲಿ ವಿಷಮಜ್ವರ ನನ್ನ ಹೆಂಡತಿಯನ್ನು ಹನ್ನೊಂದೇ ದಿನದಲ್ಲಿ ಒಯ್ದಿತು. ಅವಳನ್ನೂ ಕೂಡಿಸಿದ್ದರು. ಫೋಟೋ ಸ್ಟುಡಿಯೋದ ಖಾಜಾ ಹುಸೇನ್ ಯಾರೂ ಕರೆಯದೆಯೇ ಕ್ಯಾಮೆರಾ ಹೊತ್ತು ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಬೇಡವೆಂದೆ. “ಇಪ್ಪತ್ತೆರಡು ವರ್ಷ ನೋಡಿದ ಮುಖ. ಫೋಟೋ ಇಟ್ಟುಕೊಂಡು ಬರೆಯೋ ಗತಿ ನನಗೆ ಬಂದಿಲ್ಲ” ಎಂದೆ. ಅಷ್ಟು ಜನರ ಮುಂದೆ, ಅಷ್ಟು ಗಟ್ಟಿಯಾಗಿ ಅಂದೆ. ಕಸುಬಿನವನ ಸೊಕ್ಕು. ಅವನು ಕ್ಯಾಮೆರಾ ಮಡಚಿಕೊಂಡು ಹೋದ.

ನಿರ್ಮಲ ಕೇಳಿದ್ದು ಬರೀ ಪಟ. ಅವಳಿಗೆ ಗೊತ್ತಿಲ್ಲದ್ದೇನೆಂದರೆ, ನನಗೆ ಮುಖ ಬರುತ್ತಿಲ್ಲ.

೨೨ ಜನವರಿ, ಗುರುವಾರ

ಇವತ್ತು ಎಂಟು ಹಾಳೆ. ಇದ್ದಿಲಿನಲ್ಲಿ ಬರೆದೆ, ಪೆನ್ಸಿಲಿನಲ್ಲಿ ಬರೆದೆ. ಒಂದೊಂದಾಗಿ ಎಲ್ಲ ಬರುತ್ತವೆ, ಕೂಡಿಸಿದರೆ ಹಾರಿಹೋಗುತ್ತವೆ.

ಮೂಗು ಬಂತು, ಕಣ್ಣು ಬಂತು, ಬಂತು ಕಿವಿಯ ಓಲೆ;
ಬರಬೇಕಾದವಳೇ ಬರಲಿಲ್ಲ, ಹಾಳೆ ಸೇರಿತು ಒಲೆ.

ಪ್ರಾಸ ಮಾತ್ರ ಕರೆದರೆ ಬರುತ್ತದೆ, ಸಾಕಿದ ನಾಯಿಯ ಹಾಗೆ.

೩೦ ಜನವರಿ, ಶುಕ್ರವಾರ

ಬರೆದದ್ದೆಲ್ಲ ಒಂದೇ ಮುಖ. ಉದ್ದ ಮೂಗು, ಶಾಂತ ಕಣ್ಣು, ಮುಚ್ಚಿದ ತುಟಿ, ಗೋಧಿ ಬಣ್ಣ. ಮಂಡಿಪೇಟೆಯ ಯಾವ ಪಡಸಾಲೆಯಲ್ಲಿ ತೂಗುಹಾಕಿದರೂ “ನಮ್ಮವ್ವ” ಎಂದು ಕೈಮುಗಿಯುತ್ತಾರೆ. ಗಿರಾಕಿಗಳ ತಾಯಿ! ನನ್ನ ಕೈಗೆ ಇನ್ನೊಂದು ಮುಖ ಬರೆಯಲು ಬರುವುದೇ ಇಲ್ಲವೇನೋ.

ನೆನಪಿಲ್ಲ ಎನ್ನುವಂತೆಯೂ ಇಲ್ಲ. ನಡಿಗೆ ನೆನಪಿದೆ, ಎಡಗಾಲು ಸ್ವಲ್ಪ ಹೊರಗೆ ಹಾಕುತ್ತಿದ್ದಳು. ರೊಟ್ಟಿ ಬಡಿಯುವಾಗ ಮೂರು ಏಟು ಬಡಿದು ಒಂದು ಏಟು ಬಿಡುತ್ತಿದ್ದಳು, ಅದರ ಲಯ ಈಗಲೂ ಹಾಕಿ ತೋರಿಸಬಲ್ಲೆ. ನನ್ನ ಪ್ರಾಸ ಕೇಳಿ “ಸಾಕು ಎದ್ದೇಳ್ರಿ, ಉಣ್ಣಾಕೆ ಬರ್ರಿ” ಎನ್ನುತ್ತಿದ್ದ ದನಿ ಕಿವಿಯಲ್ಲಿದೆ. ಆ ದನಿ ಬರುವ ಕಡೆ ತಿರುಗಿದರೆ ಅಲ್ಲಿ ಮುಖದ ಜಾಗದಲ್ಲಿ ಸುಣ್ಣ ಹೊಡೆದ ಗೋಡೆ.

ಇವತ್ತು ಒಲೆ ಹಚ್ಚಲಿಲ್ಲ.

೩ ಫೆಬ್ರವರಿ, ಮಂಗಳವಾರ

ಮಾನ ಬಿಟ್ಟು ಖಾಜಾ ಹುಸೇನನ ಸ್ಟುಡಿಯೋಗೆ ಹೋದೆ. ನಿರ್ಮಲನ ಮದುವೆಯ ಗುಂಪು ಫೋಟೋದ ಗಾಜಿನ ನೆಗೆಟಿವ್ ಅವನ ಹತ್ತಿರ ಇದೆ. ಹುಡುಕಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಮೂವತ್ತೊಂಬತ್ತು ಜನ. ಅವಳು ಮೂರನೆಯ ಸಾಲಿನಲ್ಲಿ, ಬೀಗರ ಪೇಟದ ಹಿಂದೆ. ಒಂದು ಕಿವಿ, ಅರ್ಧ ಹಣೆ.

“ಪೇಟ ಚೆನ್ನಾಗಿ ಬಂದೈತೆ ಮೇಷ್ಟ್ರೇ” ಎಂದ.

“ಪೇಟಕ್ಕೆ ವರ್ಷ ಮಾಡ್ತೀನಿ ಬಿಡು.”

ಇಬ್ಬರೂ ನಕ್ಕೆವು. ಆಮೇಲೆ ಅವನು ನಗು ನಿಲ್ಲಿಸಿ ಗಾಜನ್ನು ಒರೆಸುತ್ತ ಕೂತ. ಆ ದಿನ ಬಾಗಿಲಿನಿಂದ ವಾಪಸು ಕಳಿಸಿದ್ದನ್ನು ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

“ಮೇಷ್ಟ್ರೇ, ಒಂದು ಮಾತು. ಫೋಟೋ ಇಲ್ಲದ ಹಳೇ ಹೆಂಗಸರ ಪಟಕ್ಕೆಲ್ಲ ನೀವು ಭಾಭಿನ್ನೇ ಕೂಡಿಸ್ತಿದ್ರಲ್ಲ?”

ಹೌದು! ಇದು ನನಗೆ ಹೊಳೆಯಲು ಹತ್ತು ತಿಂಗಳು, ನಲವತ್ತು ಹಾಳೆ ಬೇಕಾಯಿತು. ಹಿಂದಿನ ಗಂಡಸರು ಪಟ್ಟಣಕ್ಕೆ ಹೋದಾಗ ಫೋಟೋ ತೆಗೆಸಿಕೊಂಡಿರುತ್ತಿದ್ದರು, ಹೆಂಗಸರಿಗೆ ಅದೆಲ್ಲಿ. ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಒಳಗೆ ಕೂಡಿಸಿಬಿಡುತ್ತಿದ್ದರು. ಅವರು ಹೋದ ಮೇಲೆ ಮಕ್ಕಳು ನನ್ನಲ್ಲಿಗೆ ಬಂದು, “ನಮ್ಮವ್ವ ಕೆಂಪಗಿದ್ಲು ಮೇಷ್ಟ್ರೇ, ಗೌರಿ ಹಂಗಿದ್ಲು” ಅನ್ನುತ್ತಿದ್ದರು. ಯಾರ ಅವ್ವನೂ ಕಪ್ಪಗಿರಲಿಲ್ಲ. ಅಳತೆ ತಪ್ಪಬಾರದೆಂದು ಅವ್ವನ ಕೊರಳಿನ ಅಡ್ಡಿಕೆ, ಬೋರಮಾಳ, ಲಿಂಗದ ಕರಡಿಗೆ ಎಲ್ಲ ಗಂಟು ಕಟ್ಟಿ ಕಳಿಸುತ್ತಿದ್ದರು. ನಾನು ಅವನ್ನು ಇವಳಿಗೆ ಇಟ್ಟು, ಇಳಕಲ್ ಸೀರೆ ಉಡಿಸಿ ಜೋಳದ ಚೀಲದ ಮೇಲೆ ಕೂಡಿಸಿ ಬರೆಯುತ್ತಿದ್ದೆ. ಪಟ ಕೈಗೆ ಬಂದಾಗ ಮನೆಯವರು ಮೊದಲು ನೋಡುತ್ತಿದ್ದದ್ದು ಒಡವೆಯನ್ನು. ಅಡ್ಡಿಕೆಯ ಗುಂಡು ಸರಿಯಾಗಿದ್ದರೆ ಸಾಕು, ಮುಖ ತಾನಾಗಿ ಅವ್ವನದಾಗುತ್ತಿತ್ತು. ಒಡವೆ ಮಾತ್ರ ನಿಜ, ಉಳಿದದ್ದು ನನ್ನ ದಯೆ.

ಅಂದರೆ ಅವಳು ಈ ಊರ ಗೋಡೆಗಳ ಮೇಲೆ ಎಷ್ಟೋ ಕಡೆ ಇದ್ದಾಳೆ. ನಾಳೆಯಿಂದ ಹುಡುಕುತ್ತೇನೆ.

೬ ಫೆಬ್ರವರಿ, ಶುಕ್ರವಾರ

ಮಂಡಿಪೇಟೆಯ ಅರಳೆ ವ್ಯಾಪಾರಿ ಕೊಟ್ಟೂರಪ್ಪನವರ ಮನೆ. ಹದಿನೈದು ವರ್ಷದ ಹಿಂದೆ ಅವರ ತಾಯಿಯ ಪಟ ಬರೆದಿದ್ದೆ. ಧೂಳು ಒರೆಸಿಕೊಡುತ್ತೇನೆ ಎಂದು ಸುಳ್ಳು ಹೇಳಿ ಸ್ಟೂಲು ಹತ್ತಿದೆ. ಹೆಣ್ಣು ನೋಡಲು ಹೋದ ದಿನದ ಹಾಗೆ ಅಂಗಿಯ ಕಾಲರು ಸರಿಮಾಡಿಕೊಂಡು ತಲೆ ಎತ್ತಿದೆ.

ಕನ್ನಡಕ!

“ಇದು… ಇದು ಯಾವಾಗ ಬಂತ್ರಿ?”

“ಅದಾ? ಅವ್ವಂಗೆ ಕೊನೆಗಾಲಕ್ಕೆ ಕನ್ನಡಕ ಇತ್ತು ಅಂತ ಆಮ್ಯಾಲೆ ನೆನಪಾತು. ಹುಬ್ಬಳ್ಳಿಯಿಂದ ಒಬ್ಬ ಪೇಂಟರ್ ಬಂದಿದ್ದ. ಕೂದ್ಲನ್ನೂ ಒಂಚೂರು ಬೆಳ್ಳಗೆ ಮಾಡ್ಸಿದೆ. ಗಲ್ಲ ಇಳಿಸ್ದ. ಈಗ ಥೇಟ್ ನಮ್ಮವ್ವ ನೋಡ್ರಿ.”

“ಥೇಟ್” ಎಂದೆ.

“ನೀವು ಭಾಳ ಎಳೇ ವಯಸ್ಸು ಬರೆದಿದ್ರಿ ಮೇಷ್ಟ್ರೇ. ನಮ್ಮಪ್ಪಾರ ಪಕ್ಕದಾಗ ಮಗಳು ಕುಂತಂಗೆ ಕಾಣ್ತಿತ್ತು.”

ಇಪ್ಪತ್ತೈದು ವರ್ಷದವಳನ್ನು ಎಪ್ಪತ್ತು ಮಾಡಿದ್ದಾನೆ ಹುಬ್ಬಳ್ಳಿಯ ಪುಣ್ಯಾತ್ಮ. ಕನ್ನಡಕದ ಗಾಜಿಗೆ ಬಿಳಿ ಮಿಂಚು ಬೇರೆ ಕೊಟ್ಟಿದ್ದಾನೆ, ಒಳಗಿನ ಕಣ್ಣು ಕಾಣುವುದಿಲ್ಲ. ಮೇಲೆ ನಿಂತುಕೊಂಡೇ ಬಹಳ ಹೊತ್ತು ಧೂಳಿಲ್ಲದ ಪಟದ ಧೂಳು ಒರೆಸಿದೆ.

೧೧ ಫೆಬ್ರವರಿ, ಬುಧವಾರ

ಇನ್ನೂ ಐದು ಮನೆ ಆಯಿತು. ಒಂದರಲ್ಲಿ ಗೆದ್ದಲು ಗಂಟಲ ತನಕ ತಿಂದು, ಒಡವೆ ಮಾತ್ರ ಬಿಟ್ಟಿದೆ. ಒಂದು ಮನೆಯಲ್ಲಿ ಇಪ್ಪತ್ತು ವರ್ಷದ ಊದಿನಕಡ್ಡಿಯ ಹೊಗೆ ಕೂತು ಮುಖ ಕಾಡಿಗೆಯಾಗಿದೆ. ಒಂದರಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಪಟ ಯಾರ ಪಾಲಿಗೂ ಬೇಡವಾಗಿ ಎಲ್ಲಿಗೋ ಹೋಗಿದೆ. ಇನ್ನೆರಡು ಕಡೆ ಮೂಗಿನ ತನಕ ಹೂವಿನ ಹಾರ, ಒಣಗಿದ್ದರೂ ಮುಟ್ಟಗೊಡಲಿಲ್ಲ.

ಒಬ್ಬಾಕೆ ಕೇಳಿದಳು, “ಯಾಕ ಮೇಷ್ಟ್ರೇ, ನಮ್ಮತ್ತೆನ್ನ ಹಂಗೆ ದುರುಗುಟ್ಟಿ ನೋಡ್ತೀರಿ?”

ಏನು ಹೇಳಲಿ? ಇದು ನಿಮ್ಮತ್ತೆಯಲ್ಲ ಎಂದರೆ ಆ ಮನೆಗೆ ಅತ್ತೆ ಇಲ್ಲದಂತಾಗುತ್ತದೆ. ಹೇಳದಿದ್ದರೆ ನನಗೆ ಹೆಂಡತಿ ಇಲ್ಲ.

ವಿಳಾಸ ನೆನಪಿರುವ ಮನೆಗಳಲ್ಲಿ ಇನ್ನು ಉಳಿದದ್ದು ಹರಿಹರದ ಒಂದೇ.

೧೪ ಫೆಬ್ರವರಿ, ಶನಿವಾರ. ಹರಿಹರದಿಂದ ಬಂದ ಮೇಲೆ

ಕಸ್ತೂರಮ್ಮನವರಿಗೆ ಎಪ್ಪತ್ತರ ಹತ್ತಿರ. ಗಂಡ ಹೋಗಿ ನಾಲ್ಕು ವರ್ಷ. ಮಕ್ಕಳಿಬ್ಬರೂ ಅಂಗಡಿಗೆ ಹೋಗಿದ್ದರು, ಸೊಸೆಯಂದಿರು ಒಳಗೆ ಶಾವಿಗೆ ಹೊಸೆಯುತ್ತಿದ್ದರು. ಮುದುಕಿ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ನಾನು ಅದೇ ಪಾಠ ಒಪ್ಪಿಸಿದೆ.

“ಈ ಕಡೆ ಬಂದಿದ್ದೆ ಅಮ್ಮಾವ್ರೇ. ನಿಮ್ಮ ಅತ್ತೆಯವರ ಪಟದ ವಾರ್ನಿಷ್ ಬಿಟ್ಟಿದ್ರೆ ಒಂದಿಷ್ಟು ನೋಡಿಕೊಡೋಣ ಅಂತ…”

“ಕೂಡು ತಮ್ಮ. ವಾರ್ನಿಷ್ ಗೀರ್ನಿಷ್ ಇರಲಿ. ಹೆಂಡ್ತಿನ ನೋಡಾಕೆ ಬಂದೀನಿ ಅನ್ನು.”

ನಾನು ಕೂತೆ.

“ನಮ್ಮತ್ತೆ ಮುಖ ನಾನು ಇಪ್ಪತ್ತಾರು ವರ್ಷ ನೋಡೀನಿ. ಆ ಮುಖಕ್ಕೆ ಊದಿನಕಡ್ಡಿ ಹಚ್ಚು ಅಂದಿದ್ರೆ ಮನೆಗೇ ಬೆಂಕಿ ಹಚ್ತಿದ್ದೆ. ನೀನು ಪಟ ತಂದ ದಿನ ನಿನ್ನ ಹೆಂಡ್ತಿ ಸರ್ವಮಂಗಳ ಅದರ ಇನ್ನೊಂದು ತುದಿ ಹಿಡಕೊಂಡು ರೈಲಿಳಿದು ಬಂದಿದ್ಲು, ನೆನಪೈತಾ? ಬಟ್ಟೆ ಬಿಚ್ಚಿದಿ. ನಾನು ಪಟ ನೋಡಿದೆ, ಆಕೆನ್ನ ನೋಡಿದೆ. ಆಕೆ ನನ್ನ ನೋಡಿ ಕಣ್ಣು ಮಿಟುಕಿಸಿದ್ಲು.”

“ಮತ್ತೆ ಆಗ ಯಾಕೆ ಸುಮ್ಮನಾದ್ರಿ?”

“ನಮ್ಮ ಮನೆಯವರು ಅಡ್ಡಿಕೆ ನೋಡಿ ‘ಅವ್ವಾ’ ಅಂತ ಅಳಾಕೆ ಶುರು ಮಾಡಿದ್ರು. ಅಳೋ ಗಂಡಸಿನ ಮುಂದೆ ಏನು ಹೇಳ್ಲಿ? ನನಗೂ ಒಳ್ಳೇದೇ ಆತು. ಹದಿಮೂರು ವರ್ಷದಿಂದ ದಿನಾ ಮುಂಜಾನೆ ಆಕೆ ಮುಂದೆ ಕುಂತು ನಮ್ಮತ್ತೆ ಮೇಲಿನ ಚಾಡಿ ಎಲ್ಲ ಹೇಳ್ತೀನಿ. ಭಾಳ ಚಂದ ಕೇಳಿಸ್ಕೊಂತಾಳೆ.”

ಆಗ ತಲೆ ಎತ್ತಿದೆ. ಹೊಗೆ ಇಲ್ಲ, ಗೆದ್ದಲಿಲ್ಲ, ಕನ್ನಡಕವಿಲ್ಲ. ಮುದುಕಿ ದಿನಾ ಒರೆಸಿದ್ದಾಳೆ. ಉದ್ದ ಮೂಗು, ಶಾಂತ ಕಣ್ಣು, ಗೋಧಿ ಬಣ್ಣ, ಮುಚ್ಚಿದ ತುಟಿ. ನಾನು ಒಲೆಗೆ ಹಾಕಿದ ನಲವತ್ತು ಹಾಳೆಯ ಮುಖವೇ. ಗಿರಾಕಿಗಳ ತಾಯಿ ಎಂದು ಬೈದು ಸುಟ್ಟದ್ದು ಇವಳನ್ನೇ.

ಸಂತೋಷವಾಗಬೇಕಿತ್ತು. ಅದು ಬರುವಷ್ಟರಲ್ಲಿ ಮುದುಕಿ ಅಡಿಕೆ ಬಾಯಿಗೆ ಹಾಕಿಕೊಂಡು ಅಂದಳು:

“ಒಂದು ಕೇಳಬೇಕಂತ ಅವತ್ತಿಂದ ಐತೆ. ಆಕೆಗೆ ಮುಂದಿನ ಎರಡು ಹಲ್ಲು ಹೊರಗಿದ್ವಲ್ಲ. ಅವನ್ನೆಲ್ಲಿ ಇಟ್ಟೆ?”

“ಯಾವ ಹಲ್ಲು?” ಎಂದೆ.

ಬಾಯಿಂದ ಹೊರಟೇಹೋಯಿತು. ಕಸ್ತೂರಮ್ಮ ಅಡಕೊತ್ತು ಕೆಳಗಿಟ್ಟು, ನೀರು ತರುತ್ತೇನೆಂದು ಎದ್ದು ಒಳಗೆ ಹೋದಳು.

೧೫ ಫೆಬ್ರವರಿ, ಭಾನುವಾರ

ಇದ್ದವು. ಎರಡು. ಎಡಗಡೆಯದು ಇನ್ನೂ ಸ್ವಲ್ಪ ಮುಂದೆ.

೧೭ ಫೆಬ್ರವರಿ, ಮಂಗಳವಾರ

ಇಪ್ಪತ್ತೆರಡು ವರ್ಷ ಎದುರಿಗೆ ಕೂತು ಉಂಡವಳ ಹಲ್ಲನ್ನು ಹೇಗೆ ಮರೆತೆ?

ಪೂಜೆಗಿಡುವ ಪಟದಲ್ಲಿ ಹಿರಿಯರು ಹಲ್ಲು ತೋರಿಸಬಾರದು. ಹಾಗಾಗಿ ಅವಳ ತುಟಿ ಮುಚ್ಚಿಸಿ ಬರೆದೆ. ಒಂದಲ್ಲ ಎರಡಲ್ಲ, ನನ್ನ ಲೆಕ್ಕಕ್ಕೆ ಮೂವತ್ತು ಮೂವತ್ತೈದು ಸಲ. ಸಿಡುಬಿನ ಕಲೆಗಳನ್ನು ಒರೆಸಿದೆ. ಮೈಬಣ್ಣ ಕಪ್ಪಿನ ಕಡೆಗಿತ್ತು, ಗೋಧಿ ಮಾಡಿದೆ. ಮೂಗು ಎಳೆದು ಉದ್ದ ಮಾಡಿದೆ. ಎದುರಿಗೆ ಕೂತವಳನ್ನು ನೋಡುತ್ತಲೇ ತಿದ್ದುತ್ತಿದ್ದೆ. ಕೊನೆಗೆ ತಿದ್ದಿದವಳೇ ತಲೆಯಲ್ಲಿ ಉಳಿದಳು. ಅವಳು ಅಡುಗೆಮನೆಯಲ್ಲಿ ಓಡಾಡುತ್ತಿದ್ದಾಗಲೂ ನಾನು ನೋಡುತ್ತಿದ್ದದ್ದು ಯಾರನ್ನೋ.

ಪ್ರಾಸ ಬರುತ್ತಿಲ್ಲ. ಬರುವುದು ಬೇಡ.

೨೧ ಫೆಬ್ರವರಿ, ಶನಿವಾರ

ದಿನ ಬಿಟ್ಟು ದಿನ ಹರಿಹರಕ್ಕೆ ಹೋಗುತ್ತಿದ್ದೇನೆ. ಪಟ ಕೊಡಿ, ವರ್ಷ ಮುಗಿದ ಮೇಲೆ ತಂದುಕೊಡುತ್ತೇನೆ ಎಂದು ಕೇಳಿದ್ದೆ. “ಬ್ಯಾಡ. ಅದು ಕೆಳಗಿಳಿದ್ರೆ ನಾನು ಮುಂಜಾನೆ ಯಾರ ಜೊತೆ ಮಾತಾಡ್ಲಿ? ನೀನೇ ಬಂದು ಕೂಡು, ಎಷ್ಟು ದಿನ ಬೇಕೋ ಅಷ್ಟು” ಎಂದಳು. ಪಡಸಾಲೆಯಲ್ಲಿ ಕ್ಯಾನ್ವಾಸ್ ಇಟ್ಟುಕೊಂಡು ನನ್ನ ಪಟವನ್ನು ನಾನೇ ನೋಡಿ ಬರೆಯುತ್ತೇನೆ, ಅದರಲ್ಲಿ ತಿದ್ದಿದ್ದನ್ನೆಲ್ಲ ಇದರಲ್ಲಿ ವಾಪಸು ಕೆಡಿಸುತ್ತ. ಮುದುಕಿ ಹಿಂದೆ ಕೂತು ಮೇಸ್ತ್ರಿಕೆ ಮಾಡುತ್ತಾಳೆ.

“ಇನ್ನೂ ಕಪ್ಪು ತಮ್ಮ.”

“ಇಷ್ಟು?”

“ಹೆಂಡ್ತಿ ಅಂತ ಸಂಕೋಚ ಮಾಡ್ಕೋಬ್ಯಾಡ. ನಮ್ಮ ಹೊಲದ ಎರೆಮಣ್ಣಿನಂಗಿದ್ಲು. ಹಾ, ಹಂಗೆ.”

ಸಿಡುಬಿನ ಕಲೆ ಗಲ್ಲದ ಮೇಲೆ ಎಷ್ಟಿದ್ದವೋ ಗೊತ್ತಿಲ್ಲ. ಒಂದೊಂದಾಗಿ ಇಟ್ಟೆ. ಆರನೆಯದಕ್ಕೆ ಕೈ ತಾನಾಗಿ ನಿಂತಿತು. ಸರಿಯಿರಬೇಕು.

ಬಾಯಿಯ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

೨೬ ಫೆಬ್ರವರಿ, ಗುರುವಾರ

ಹಲ್ಲು ಬರೆದೆ. ರಾಕ್ಷಸಿಯಾಯಿತು. ಕೆರೆದು ತೆಗೆದೆ. ಮತ್ತೆ ಬರೆದೆ. ಮುಸುಕಿನ ಜೋಳದ ತೆನೆಯಾಯಿತು. ಕೆರೆದೆ. ಕ್ಯಾನ್ವಾಸು ಅಲ್ಲಿ ಹಿಂಜಿ ಹೋಗುತ್ತಿದೆ. ಬಣ್ಣದ ಕೆಲಸದಲ್ಲಿ ನನಗೆ ಬಾರದ್ದು ಒಂದಿದೆ ಎಂದು ನಲವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು.

ಖಾಜಾ ಹುಸೇನ್ ಒಂದು ಹಲ್ಲುಪುಡಿಯ ಕ್ಯಾಲೆಂಡರ್ ತಂದುಕೊಟ್ಟ. ಅದರ ಹೆಣ್ಣಿಗೆ ಎಣಿಸಿದರೆ ಮೇಲ್ಸಾಲಿನಲ್ಲೇ ಹದಿನೆಂಟು ಹಲ್ಲು.

“ಇದು ಮೊಸಳೆ ಕಣೋ.”

“ಹಲ್ಲಂದ್ರೆ ಬೆಳ್ಳಗೇ ಅಲ್ವಾ ಮೇಷ್ಟ್ರೇ? ಬಿಳಿ ಹಾಕ್ರಿ.”

ಬಿಳಿ ಹಾಕಿದರೆ ಮುಖದಿಂದ ಹೊರಗೆ ಜಿಗಿಯುತ್ತವೆ. ಇನ್ನು ಹದಿನೆಂಟು ದಿನ. ನಿರ್ಮಲನ ಕಾಗದ ಬಂದಿದೆ: ಪಟ ಆಯಿತಾ? ಉತ್ತರ ಬರೆಯಲಿಲ್ಲ.

೩ ಮಾರ್ಚ್, ಮಂಗಳವಾರ

ಹಳಬರು ಹೇಗೆ ಮಾಡಿದ್ದರೋ ನೋಡೋಣವೆಂದು ಹರಿಹರೇಶ್ವರನ ಗುಡಿ ಹೊಕ್ಕು ಕತ್ತು ನೋಯುವ ತನಕ ಸುತ್ತಿದೆ.

ಗುಡಿಯ ತುಂಬ ದೇವರುಂಟು, ತುಟಿಯ ಬಿಚ್ಚಿದವರಿಲ್ಲ;
ಹಲ್ಲು ಬಿಟ್ಟ ಸಿಂಹ ಬಿಟ್ರೆ ನನಗೆ ಗುರುವೇ ಇಲ್ಲ.

ಹೊಳೆಯ ಕಡೆ ಇಳಿದೆ. ದಂಡೆಯ ಮೇಲೆ ಒಂದು ಹಳೆಯ ಮಾಸ್ತಿಕಲ್ಲು ಓರೆಯಾಗಿ ನಿಂತಿದೆ, ಯಾರೋ ಅದಕ್ಕೆ ಬಟ್ಟೆ ಒಣಹಾಕಿದ್ದರು. ಸರಿಸಿ ನೋಡಿದೆ. ಮಳೆ ಗಾಳಿಗೆ ಹೆಂಗಸಿನ ಮುಖ ಸವೆದು ಮೂಗೂ ಇಲ್ಲ, ಕಣ್ಣೂ ಇಲ್ಲ. ಆದರೂ ನಗುತ್ತಿದ್ದಳು. ಹತ್ತಿರ ಹೋಗಿ ಬೆರಳಾಡಿಸಿದೆ. ಬಾಯಿಯೂ ಇಲ್ಲ. ಮೇಲ್ತುಟಿ ಇದ್ದ ಕಡೆ ಒಂದು ಸಣ್ಣ ತಗ್ಗು, ಅದರ ನೆರಳು, ನೆರಳಿನ ಕೆಳಗೆ ಒಂದು ಎಳೆ ಬಿಸಿಲು. ಅಷ್ಟೇ. ಬಟ್ಟೆಯ ಒಡತಿ ಬಂದು “ಏನ್ರಿ ಹುಡುಕ್ತೀರಿ?” ಎಂದು ಜೋರು ಮಾಡುವ ತನಕ ಅಲ್ಲೇ ನಿಂತಿದ್ದೆ.

ಹಲ್ಲನ್ನು ಒಂದೊಂದಾಗಿ ಬರೆಯಬಾರದು. ಬಿಳಿಯಂತೂ ಕೂಡದು. ತುಟಿಯ ನೆರಳು ಸರಿಬಿದ್ದರೆ, ಕೆಳಗೆ ಬೂದಿಗೆ ಚೂರು ಹಳದಿ ಬೆರೆಸಿದ ಒಂದೇ ಎಳೆತ ಸಾಕು. ಇನ್ನೂರೋ ಮುನ್ನೂರೋ ವರ್ಷದ ಹಿಂದೆ ಗಂಡನ ಚಿತೆ ಏರಿದ ಯಾರದೋ ಮನೆಯ ಹೆಣ್ಣುಮಗಳು ಕಲಿಸಿದಳು.

೯ ಮಾರ್ಚ್, ಸೋಮವಾರ

ಬಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ. ಕುಂಚ ತೆಗೆದು ಹಿಂದೆ ಸರಿದೆ, ಅಲ್ಲಿದ್ದಳು. ಎರಡೂ ಹಲ್ಲು ಬಿಟ್ಟುಕೊಂಡು ನಗುತ್ತಿದ್ದಳು. ಕಸ್ತೂರಮ್ಮ ಹಿಂದಿನಿಂದ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. ನಾನು ಅಳುತ್ತಿದ್ದೆನಂತೆ.

ಸಂಜೆ ಮನೆಗೆ ಬಂದು ರೊಟ್ಟಿ ಮಾಡಿಕೊಂಡೆ. ಎರಡು ತಿಂದೆ.

೧೪ ಮಾರ್ಚ್, ಶನಿವಾರ

ಪಟ ಮನೆಗೆ ಬಂದಿದೆ. ನಿರ್ಮಲನೂ ಬಂದಳು. ಬಾಗಿಲಲ್ಲಿ ಗಂಟು ಇಳಿಸುವ ಮೊದಲೇ “ಎಲ್ಲೈತೆ?” ಎಂದಳು. ಬಟ್ಟೆ ತೆಗೆದೆ.

ಅವಳ ಮುಖ ಮೊದಲು ಕರಗಿತು. ಆಮೇಲೆ ಗಟ್ಟಿಯಾಯಿತು.

“ಬಾಯಿ ಮುಚ್ಚಿಸಪ್ಪ.”

“ಯಾಕವ್ವ? ಹಿಂಗೇ ಇರಲಿಲ್ಲೇನು?”

“ಇದ್ಲು. ಹಿಂಗೇ ಇದ್ಲು. ಅದಕ್ಕೇ ಹೇಳಾಕತ್ತಿದ್ದು. ನನ್ನ ಮದುವೆ ಫೋಟೋ ತೆಗೆಯೋವಾಗ ಎಷ್ಟು ಎಳೆದೆ ಗೊತ್ತಾ ಮುಂದೆ ಬಾ ಅಂತ? ‘ಬ್ಯಾಡವ್ವ, ಫೋಟೋದಾಗ ಹಲ್ಲು ಕಾಣ್ತಾವೆ’ ಅಂದು ಬೇಕಂತಲೇ ಮಾವನ ಪೇಟದ ಹಿಂದೆ ಹೋಗಿ ನಿಂತ್ಲು. ನಾಳಿದ್ದು ಅದೇ ಬೀಗರೆಲ್ಲ ಬಂದು ಎದುರಿಗೆ ಕೂಡ್ತಾರೆ. ಜೀವ ಇರೋ ತನಕ ಮುಚ್ಚಿಕೊಂಡಿದ್ದನ್ನ ನೀನು ಗೋಡೆಗೆ ಹಾಕ್ತೀಯ?”

“ನನ್ನ ಮುಂದೆ ಅವಳೇನು ಮುಚ್ಚಿಕೊಂತಿರಲಿಲ್ಲ” ಎಂದೆ. ಅದೂ ಗೊತ್ತಿಲ್ಲದೆಯೇ ಅಂದೆ.

“ಮುಚ್ಚಿಕೊಂತಿದ್ಲಪ್ಪ. ನೀನು ಪಟದಾಗ ಮುಚ್ಚಿಸಿ ಮುಚ್ಚಿಸಿ ಬರೆಯೋದು ನೋಡ್ತಿದ್ಲಲ್ಲ. ‘ನಿಮ್ಮಪ್ಪಗೂ ನನ್ನ ಹಲ್ಲು ಬ್ಯಾಡ ನೋಡು’ ಅಂತಿದ್ಲು. ನಗ್ತಾನೇ ಅಂತಿದ್ಲು, ಸೆರಗು ಬಾಯಿಗೆ ಹಿಡಕೊಂಡು.”

ಇಷ್ಟು ಹೇಳಿ ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ಪಟದ ಮುಂದೆ ಕೂತೇ ಇದ್ದೆ. ಉಣ್ಣಲು ಕರೆದಳು, ಹೋಗಲಿಲ್ಲ.

೧೫ ಮಾರ್ಚ್, ಭಾನುವಾರ

ಮುಂಜಾನೆ ಕೆರೆಯುವ ಚೂರಿ ಹಿಡಿದು ಕೂತೆ. ತುಟಿ ಮುಚ್ಚಲು ಅರ್ಧ ಗಂಟೆ ಸಾಕು, ಆ ಕೆಲಸದಲ್ಲಿ ನನ್ನಷ್ಟು ಪಳಗಿದವನು ಈ ಜಿಲ್ಲೆಯಲ್ಲಿಲ್ಲ. ಮುಚ್ಚಿದರೆ ಮೂವತ್ತಾರನೆಯ ಸಲ ನಾನೇ ಅವಳ ಬಾಯಿ ಮುಚ್ಚಿದಂತೆ. ಮುಚ್ಚದಿದ್ದರೆ ಅವಳು ಜೀವ ಹೋದರೂ ಕೂಡಲು ಒಪ್ಪದ ಕಡೆ ಕೂಡಿಸಿದಂತೆ. ಹತ್ತು ಗಂಟೆಯ ತನಕ ಚೂರಿ ಕೈಯಲ್ಲೇ ಇತ್ತು. ಹೋಗಿ ಹೊಳೆಗೆ ಹಾಕಿಬಿಡೋಣ ಅನ್ನಿಸಿತು, ಪಟವನ್ನೋ ನನ್ನನ್ನೋ ಎಂದು ಬಿಡಿಸಿ ನೋಡಲಿಲ್ಲ.

ಆಮೇಲೆ ಚೂರಿ ಇಟ್ಟು ನಿರ್ಮಲನನ್ನು ಕೂಗಿದೆ.

“ಅವ್ವನ ಇಳಕಲ್ ಸೀರೆ ಉಟ್ಕೊಂಡು ಬಾ. ಬಂದು ಕೂಡು.”

“ಎಲ್ಲಿ?”

“ಆ ಚೀಲದ ಮೇಲೆ. ಅವ್ವ ಸೆರಗು ಹೆಂಗೆ ಹಿಡಕೊಂತಿದ್ಲು, ತೋರಿಸು.”

ಹೋಗಿ ಸೀರೆ ಉಟ್ಟು ಬಂದು ಕೂತಳು. ಬಲಗೈಯಲ್ಲಿ ಸೆರಗಿನ ತುದಿ ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಎರಡು ಬೆರಳು ಒಳಗೆ, ಎರಡು ಹೊರಗೆ, ಕಿರುಬೆರಳು ಗಲ್ಲಕ್ಕೆ ತಾಗಿಯೂ ತಾಗದೆ. ಕಂಡ ಕೂಡಲೇ ನನಗೆ ನೆನಪಾಯಿತು. ದಿನಕ್ಕೆ ಹತ್ತು ಸಲ ಕಂಡಿದ್ದೆ.

“ಅಳ್ಳಾಡಬ್ಯಾಡ.”

“ನಾನಲ್ಲಪ್ಪ, ನಿನ್ನ ಮೊಮ್ಮಗ ಅಳ್ಳಾಡಾಕತ್ತಾನೆ.”

ಸಂಜೆ ಐದರ ತನಕ ಬರೆದೆ. ಹಲ್ಲಿನ ಮೇಲಿನ ಬಣ್ಣ ಆರು ದಿನಕ್ಕೆ ಒಣಗಿತ್ತು. ಅದನ್ನು ಕೆರೆಯಲಿಲ್ಲ. ಅದರ ಮೇಲೆಯೇ ಕೆಂಪು ಸೆರಗು ಎಳೆದೆ, ಸೆರಗಿನ ಮೇಲೆ ಬೆರಳು ಇಟ್ಟೆ.

ಒಡವೆ ಬರೆಯಲು ಹೊತ್ತು ಸಾಲಲಿಲ್ಲ. ಕೊರಳಲ್ಲಿ ಶಿವದಾರ, ಕರಡಿಗೆ, ತಾಳಿ ಇವೆ. ಸಾಕು.

೧೬ ಮಾರ್ಚ್, ಸೋಮವಾರ

ವರ್ಷ ಆಯಿತು. ಅಯ್ಯನವರು ಬಂದರು, ಪಾದಪೂಜೆಯಾಯಿತು. ಬಣ್ಣ ಹಸಿಯಿತ್ತು, ಹಾರ ಚೌಕಟ್ಟಿಗಷ್ಟೇ ಹಾಕಿ, ಸೆರಗಿಗೆ ತಾಗಿಸಬೇಡಿ ಎಂದು ಬಂದವರಿಗೆಲ್ಲ ಹೇಳುವುದೇ ನನ್ನ ಕೆಲಸವಾಯಿತು. ಖಾಜಾ ಹುಸೇನ್ ಬಂದು ಹಿಂದೆ ಗೋಡೆಗೆ ಒರಗಿ ನಿಂತ. ಕ್ಯಾಮೆರಾ ತಂದಿರಲಿಲ್ಲ. ಕಸ್ತೂರಮ್ಮ ಹಿರಿಯ ಮಗನ ಕೈ ಹಿಡಿದು ಹರಿಹರದಿಂದ ಬಂದಳು, ಪಟದ ಮುಂದೆ ಕೂತಳು.

ಕೊಕ್ಕನೂರಿನ ಬೀಗರು ಸಾಲಾಗಿ ಎದುರಿಗೇ ಕೂತರು. ಬೀಗಿತಿಗೆ ಸುಮ್ಮನಿರಲಾಗಲಿಲ್ಲ. ಪಟ ನೋಡಿದರು, ನಿರ್ಮಲನನ್ನು ನೋಡಿದರು, ಮತ್ತೆ ಪಟ ನೋಡಿದರು.

“ಅಲ್ಲವ್ವ, ಎಲ್ಲಾರ ಮನೆ ಪಟದಾಗ ಹಿರೇರು ನೆಟ್ಟಗೆ ಕುಂತಿರ್ತಾರೆ. ಇವರ್ಯಾಕೆ ಬಾಯಿಗೆ ಸೆರಗು ಹಿಡಕೊಂಡಾರೆ?”

ನಿರ್ಮಲ ಎಲೆ ಹಾಕುತ್ತಿದ್ದವಳು ತಲೆಯೆತ್ತದೆ ಹೇಳಿದಳು.

“ನಗಾಕತ್ತಾಳ್ರಿ ನಮ್ಮವ್ವ.”

“ಯಾರನ್ನ ನೋಡಿ?”

“ಇನ್ಯಾರನ್ನ, ನಮ್ಮಪ್ಪನ್ನ.”